ಎರಡು ದಡಗಳ ನಡುವಿನ ದೋಣಿ

ಹಾಂಗ್‌ಕಾಂಗ್‌ನ ಸ್ಟಾರ್ ಫೆರ್ರಿ ದೋಣಿಗಳಿಗೆ ಹಿಂದು ಮುಂದು ಎಂಬುದಿಲ್ಲ. ಎರಡು ತುದಿಯೂ ಒಂದೇ ಬಗೆ. ಕೌಲೂನ್ ದಡದಿಂದ ಹೊರಟ ದೋಣಿ ಆಚೆಯ ದ್ವೀಪದ ದಡ ಮುಟ್ಟಿ, ಜನರನ್ನು ಇಳಿಸಿ, ಹತ್ತಿಸಿಕೊಂಡು, ಮೂತಿ ತಿರುಗಿಸದೆ ಬಂದ ದಾರಿಯಲ್ಲೇ ವಾಪಸು ಹೊರಡುತ್ತದೆ. ತಿರುಗಬೇಕಾದವರು ಪ್ರಯಾಣಿಕರು ಮಾತ್ರ. ಅದಕ್ಕೂ ಅಲ್ಲಿ ಏರ್ಪಾಟಿದೆ. ಮರದ ಬೆಂಚಿನ ಒರಗುವ ಹಲಗೆಯನ್ನು ಹಿಡಿದು ಆಚೆಗೆ ತಳ್ಳಿದರೆ ಅದು ಟಕ್ಕೆಂದು ಮಗುಚಿಕೊಳ್ಳುತ್ತದೆ. ಬೆನ್ನಿದ್ದ ಕಡೆಗೆ ಮುಖ ಮಾಡಿ ಕುಳಿತುಕೊಳ್ಳಬಹುದು. ತರಕಾರಿ ಚೀಲ ಹಿಡಿದಿದ್ದ ಅಜ್ಜಿಯೊಬ್ಬರು ಒಂದೇ ಕೈಯಲ್ಲಿ ಹಲಗೆ ಮಗುಚಿ ಕುಳಿತರು. ಹೊಸಬನಾದ ನಾನು ಬಿಟ್ಟುಬಂದ ದಡವನ್ನೇ ನೋಡುತ್ತ ಕುಳಿತಿದ್ದೆ.

ಅಂದ ಹಾಗೆ, ಈ ದೋಣಿಗಳನ್ನು ಶುರು ಮಾಡಿದವರು ನಮ್ಮ ದೇಶದವರೇ. ಮುಂಬೈಯಿಂದ ಹೋದ ದೊರಾಬ್ಜಿ ನವರೋಜಿ ಎಂಬ ಪಾರ್ಸಿ. 1888ರಲ್ಲಿ ಅವರ ದೋಣಿ ಕಂಪೆನಿ ಹುಟ್ಟಿತು. 1898ರಲ್ಲಿ ಅದಕ್ಕೆ ಸ್ಟಾರ್ ಫೆರ್ರಿ ಎಂಬ ಹೆಸರು ಬಂತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ಹಣ ಕೊಟ್ಟ ಹೊರ್ಮಸ್‌ಜಿ ಮೋದಿಯವರೂ ಪಾರ್ಸಿಯೇ. ಹೊರಗಿನಿಂದ ಬಂದವರು ಬೆಳೆದು, ಊರನ್ನೂ ಬೆಳೆಸಿದ ಜಾಗವಿದು.

ಮಗ ಕೆಲಸದ ಮೇಲೆ ಆರು ತಿಂಗಳಿಗೆಂದು ಹಾಂಗ್‌ಕಾಂಗ್‌ಗೆ ಹೋಗಿದ್ದ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಾವೂ ಹದಿನೈದು ದಿನಕ್ಕೆ ಹೊರಟೆವು. ಹೊರಡುವ ಮುಂಚೆ ತಂಗಿ ಫೋನು ಮಾಡಿದಳು. ಅವಳ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಹಾಂಗ್‌ಕಾಂಗ್‌ನಲ್ಲಿ ಹಣಕಾಸು ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದಿ, ಅಲ್ಲೇ ಇನ್‌ವೆಸ್ಟ್‌ಮೆಂಟ್ ಬ್ಯಾಂಕ್ ಸೇರಬೇಕೆಂಬುದು ಅವಳ ಹಟ. ಅದಕ್ಕೆ ಸಾಲ ಬೇಕು. ಸಾಲಕ್ಕೆ ಮನೆಯ ಪತ್ರ ಒತ್ತೆ ಇಡಬೇಕು.

“ಅಣ್ಣಾ, ನೀನೂ ಬ್ಯಾಂಕಿನಲ್ಲೇ ಇದ್ದವನಲ್ವಾ. ಹೇಗೂ ಹೋಗ್ತಿದ್ದೀಯ, ಅದೆಂಥಾ ಬ್ಯಾಂಕು ಅಂತ ನೋಡ್ಕೊಂಡು ಬಾ. ಹೆಣ್ಣುಮಕ್ಕಳು ಅಲ್ಲಿ ಮೇಲೆ ಬಂದಿದ್ದಾರಾ, ಬಂದಿದ್ರೆ ಹೇಗೆ ಬಂದ್ರು, ತಿಳ್ಕೊಂಡು ಬಾ” ಎಂದಳು.

ನಾನು ಬ್ಯಾಂಕಿನಲ್ಲಿದ್ದವನು ನಿಜ. ಆದರೆ ಮೂವತ್ತನಾಲ್ಕು ವರ್ಷ ನಾನು ಕಂಡ ಬ್ಯಾಂಕೆಂದರೆ ಪಾಸ್‌ಬುಕ್ಕು, ಡಿಮ್ಯಾಂಡ್ ಡ್ರಾಫ್ಟು, ಚಿನ್ನದ ಮೇಲಿನ ಸಾಲ, ಬೆಳೆ ಸಾಲ. ಸಂಜೆ ಕ್ಯಾಷ್ ತಾಳೆಯಾಗದಿದ್ದರೆ ಹುಡುಕಿ ಹುಡುಕಿ ಕಣ್ಣು ನೋವು. ಈ ಹೊಸ ಬ್ಯಾಂಕಿನ ವಿಷಯದಲ್ಲಿ ನಾನೂ ತಂಗಿಯಷ್ಟೇ ಅಮಾಯಕ.

ಬ್ಯಾಂಕರನ ಪ್ರತಿಮೆ, ಬ್ಯಾಂಕಿನ ಸಿಂಹ

ದೋಣಿ ಇಳಿದು ಹತ್ತು ನಿಮಿಷ ನಡೆದರೆ ಸ್ಟ್ಯಾಚ್ಯೂ ಸ್ಕ್ವೇರ್. ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಆರಂಭವಾದ ಈ ಚೌಕದಲ್ಲಿ ಈಗ ರಾಣಿಯ ಪ್ರತಿಮೆಯಿಲ್ಲ. ಅದು ಬೇರೊಂದು ಉದ್ಯಾನ ಸೇರಿದೆ. ಉಳಿದಿರುವುದು ಸರ್ ಥಾಮಸ್ ಜಾಕ್ಸನ್ ಅವರ ಪ್ರತಿಮೆ. ಆತ ರಾಜನಲ್ಲ, ಸೇನಾಪತಿಯಲ್ಲ, ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಮುಖ್ಯ ಮ್ಯಾನೇಜರ್. ನಡುಬೀದಿಯಲ್ಲಿ ಮ್ಯಾನೇಜರರ ಪ್ರತಿಮೆ ನಿಲ್ಲಿಸಿದ ಊರನ್ನು ನಾನು ಬೇರೆಲ್ಲೂ ನೋಡಿಲ್ಲ. ನಿವೃತ್ತ ಬ್ಯಾಂಕ್ ನೌಕರನ ಎದೆ ಉಬ್ಬಿತೆಂದು ಬೇರೆ ಹೇಳಬೇಕಿಲ್ಲ!

ಎದುರಿಗೇ ಆ ಬ್ಯಾಂಕು. ನಾರ್ಮನ್ ಫೋಸ್ಟರ್ ವಿನ್ಯಾಸ ಮಾಡಿದ ಈ ಕಟ್ಟಡ 1985ರಲ್ಲಿ ಮುಗಿಯಿತು. ನೆಲಮಟ್ಟದಲ್ಲಿ ಗೋಡೆಯಿಲ್ಲ, ಬೀದಿಯೇ ಒಳಗೆ ಹರಿದು ಬಂದಂತಿದೆ. ಬಾಗಿಲಲ್ಲಿ 1935ರಿಂದ ಕಾವಲಿರುವ ಎರಡು ಕಂಚಿನ ಸಿಂಹಗಳಿಗೆ ಸ್ಟೀಫನ್, ಸ್ಟಿಟ್ ಎಂಬ ಹೆಸರುಗಳು. ಎರಡನೆಯ ಮಹಾಯುದ್ಧದ ಕಾಲದ ಗಾಯದ ಗುರುತುಗಳು ಅವುಗಳ ಮೈಮೇಲೆ ಇನ್ನೂ ಇವೆ. ಭಾನುವಾರ ಈ ಗೋಡೆಯಿಲ್ಲದ ನೆಲದಲ್ಲಿ ಬೇರೆಯೇ ಲೋಕ. ವಾರವೆಲ್ಲ ಮನೆಗೆಲಸ ಮಾಡುವ ಫಿಲಿಪ್ಪೀನ್ಸ್ ಹೆಂಗಸರು ರಟ್ಟು ಹಾಸಿ ಕುಳಿತು, ಬುತ್ತಿ ಬಿಚ್ಚಿ, ಊರಿನ ಮಕ್ಕಳೊಂದಿಗೆ ಫೋನಿನಲ್ಲಿ ಮಾತಾಡುತ್ತಾರೆ. ಬ್ಯಾಂಕಿನ ಮೇಲಿನ ಮಹಡಿಯವರ ಮಕ್ಕಳನ್ನು ನೋಡಿಕೊಳ್ಳುವ ಕೈಗಳೂ ಇಲ್ಲಿರಬಹುದು ಅನ್ನಿಸಿತು. ಒಬ್ಬ ಹೆಣ್ಣುಮಗಳು ಎತ್ತರಕ್ಕೆ ಏರಬೇಕಾದರೆ ಇನ್ನೊಬ್ಬಳು ತನ್ನ ಮನೆ ಬಿಟ್ಟು ಬರಬೇಕು. ಈ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲೂ ಸಿಗುವುದಿಲ್ಲ.

ಪಕ್ಕದಲ್ಲೇ ಬ್ಯಾಂಕ್ ಆಫ್ ಚೀನಾದ ಗಗನಚುಂಬಿ ಗೋಪುರ. ತ್ರಿಕೋನಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುವ ಈ ಕಟ್ಟಡವನ್ನು ವಿನ್ಯಾಸ ಮಾಡಿದವರು ಐ.ಎಂ. ಪೇ. ಇವರು 1917ರಲ್ಲಿ ಚೀನಾದಲ್ಲಿ ಹುಟ್ಟಿ, ಬಾಲ್ಯದ ಕೆಲ ವರ್ಷ ಹಾಂಗ್‌ಕಾಂಗ್‌ನಲ್ಲೇ ಕಳೆದು, 1935ರಲ್ಲಿ ಓದಲು ಅಮೆರಿಕಕ್ಕೆ ಹೋದವರು. 1954ರಲ್ಲಿ ಅಲ್ಲಿನ ಪೌರರಾದರು. ಅವರ ತಂದೆ ಇದೇ ಬ್ಯಾಂಕಿನ ಹಾಂಗ್‌ಕಾಂಗ್ ಶಾಖೆಯನ್ನು ನಡೆಸಿದ್ದರು. ತಂದೆ ದುಡಿದ ಬ್ಯಾಂಕಿಗೆ ಅಮೆರಿಕದ ಪ್ರಜೆಯಾದ ಮಗ ಬಂದು ಗೋಪುರ ಕಟ್ಟಿದ! 1990ರಲ್ಲಿ ಅದು ಬಳಕೆಗೆ ತೆರೆದುಕೊಂಡಿತು. ಚೀನಾ ಮತ್ತು ಅಮೆರಿಕ ಎರಡನ್ನೂ ಬಲ್ಲವರಿಗೆ ಈ ಊರಿನಲ್ಲಿ ಎಂಥ ಬೆಲೆಯೆಂಬುದಕ್ಕೆ ಆ ಗೋಪುರವೇ ಸಾಕ್ಷಿ.

ಕೌಂಟರ್ ಇಲ್ಲದ ಬ್ಯಾಂಕು

ಮಗನ ಗೆಳೆಯನೊಬ್ಬ ಶಿವಮೊಗ್ಗದ ಹುಡುಗ. ಅಲ್ಲಿನ ಇನ್‌ವೆಸ್ಟ್‌ಮೆಂಟ್ ಬ್ಯಾಂಕೊಂದರಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ನನ್ನನ್ನು ಎಕ್ಸ್‌ಚೇಂಜ್ ಸ್ಕ್ವೇರ್‌ಗೆ ಕರೆದುಕೊಂಡು ಹೋದ. ಹಾಂಗ್‌ಕಾಂಗ್‌ನ ನಾಲ್ಕು ಷೇರುಪೇಟೆಗಳು 1986ರಲ್ಲಿ ಒಂದಾಗಿ ನೆಲೆಸಿದ್ದು ಇಲ್ಲಿ. ಕೆಂಪು ಅಂಗಿ ತೊಟ್ಟ ದಲಾಲರು ತುಂಬಿರುತ್ತಿದ್ದ ವ್ಯಾಪಾರದ ಅಂಗಳ 2017ರಲ್ಲಿ ಮುಚ್ಚಿತು. ಕಂಪ್ಯೂಟರ್ ಬಂದ ಮೇಲೆ ಅಂಗಳದ ಕೂಗಾಟ ಯಾರಿಗೂ ಬೇಕಾಗಲಿಲ್ಲ. ಹೊಸ ಕಂಪೆನಿಯ ಷೇರು ಪೇಟೆಗೆ ಬಂದ ದಿನ ಜಾಗಟೆ ಬಾರಿಸುವ ಶಾಸ್ತ್ರ ಮಾತ್ರ ಉಳಿದಿದೆ.

“ಅಂಕಲ್, ನಿಮ್ಮ ಬ್ಯಾಂಕು ಜನರ ಠೇವಣಿ ತಗೊಂಡು ಸಾಲ ಕೊಡ್ತಿತ್ತು. ನಮ್ಮ ಬ್ಯಾಂಕಿನ ಮುಖ್ಯ ಕೆಲಸ ಅದಲ್ಲ. ದುಡ್ಡು ಬೇಕಾದ ಕಂಪೆನಿಯನ್ನೂ ದುಡ್ಡಿರೋರನ್ನೂ ಸೇರಿಸೋದು. ಒಂಥರಾ ಮದುವೆ ದಲ್ಲಾಳಿ ಅಂದ್ಕೊಳ್ಳಿ” ಎಂದು ನಕ್ಕ.

ಅವನು ವಿವರಿಸಿದ ಮೇಲೆ ವಿಷಯ ತಿಳಿಯಾಯಿತು. ಒಂದು ಕಂಪೆನಿ ಮೊದಲ ಬಾರಿಗೆ ಷೇರು ಮಾರಬೇಕು ಅನ್ನಿ. ಇನ್‌ವೆಸ್ಟ್‌ಮೆಂಟ್ ಬ್ಯಾಂಕಿನವರು ಅದರ ಲೆಕ್ಕಪತ್ರ, ಆಸ್ತಿ, ಸಾಲ, ಕೋರ್ಟು ಕೇಸು ಎಲ್ಲವನ್ನೂ ಜಾಲಾಡುತ್ತಾರೆ. ವಕೀಲರ ಜೊತೆ ಕುಳಿತು ನೂರಾರು ಪುಟಗಳ ವಿವರಣಾ ಪತ್ರ ತಯಾರಿಸುತ್ತಾರೆ. ಅದರಲ್ಲಿ ಸುಳ್ಳು ಸೇರಿದರೆ ತಲೆಗೆ ಬರುತ್ತದೆ. ಆಮೇಲೆ ಊರೂರು ತಿರುಗಿ ದೊಡ್ಡ ಹೂಡಿಕೆದಾರರಿಗೆ ಕಂಪೆನಿಯ ಕಥೆ ಹೇಳುತ್ತಾರೆ. ಯಾರು ಎಷ್ಟು ಬೆಲೆಗೆ ಎಷ್ಟು ಷೇರು ಕೊಳ್ಳುತ್ತಾರೆಂದು ಬರೆದುಕೊಂಡು ಬೆಲೆ ನಿಗದಿ ಮಾಡುತ್ತಾರೆ. ಬಂದ ಹಣದಲ್ಲಿ ಒಂದು ಪಾಲು ಬ್ಯಾಂಕಿಗೆ ಶುಲ್ಕ. ಕಂಪೆನಿಗಳು ಒಂದನ್ನೊಂದು ಕೊಳ್ಳುವಾಗ ಸಲಹೆ ಕೊಡುವುದೂ ಇವರದೇ ಕೆಲಸ. ಕಂಪೆನಿಯ ಗುಟ್ಟು ಬಲ್ಲವರು ಅದೇ ಬ್ಯಾಂಕಿನಲ್ಲಿ ಷೇರಿನ ಬಗ್ಗೆ ಸಲಹೆ ಬರೆಯುವವರಿಗೆ ಅದನ್ನು ಹೇಳುವಂತಿಲ್ಲ. ನಡುವೆ ಇರುವ ಈ ಕಣ್ಣಿಗೆ ಕಾಣದ ಗೋಡೆಗೆ ಈ ವೃತ್ತಿಯಲ್ಲಿ ‘ಚೀನೀ ಗೋಡೆ’ ಎಂದೇ ಹೆಸರು!

ಚೀನಾದ ಕಂಪೆನಿಗಳು ಇಲ್ಲಿಗೆ ಬಂದ ಕಥೆ ಇನ್ನೂ ಸ್ವಾರಸ್ಯದ್ದು. 1993ರ ಜುಲೈ 15ರಂದು ತ್ಸಿಂಗ್‌ಟಾವ್ ಎಂಬ ಬಿಯರ್ ಕಂಪೆನಿಯ ಷೇರು ಹಾಂಗ್‌ಕಾಂಗ್ ಪೇಟೆಗೆ ಬಂತು. ಮೊದಲ ತಂಡಕ್ಕೆಂದು ಆಯ್ದ ಒಂಬತ್ತು ಕಂಪೆನಿಗಳಲ್ಲಿ ಅದೇ ಮೊದಲನೆಯದು. ಆಗ ಚೀನಾದಲ್ಲಿ ಕಂಪೆನಿ ಕಾಯಿದೆಯೇ ಜಾರಿಯಲ್ಲಿರಲಿಲ್ಲ. ಅದು ಜಾರಿಗೆ ಬಂದದ್ದು 1994ರಲ್ಲಿ. ಅಲ್ಲಿನ ಸರ್ಕಾರಿ ಕಾರ್ಖಾನೆಗಳೆಂದರೆ ನಮ್ಮ ಭದ್ರಾವತಿಯ ಕಾರ್ಖಾನೆಯಂತೆ. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ. ಇವುಗಳಲ್ಲಿ ಯಾವುದು ಕಂಪೆನಿ, ಯಾವುದು ಊರು ಎಂದು ಬೇರ್ಪಡಿಸದೆ ಹೊರಗಿನವರಿಗೆ ಷೇರು ಮಾರುವುದು ಹೇಗೆ? ಒಂದು ಕಡೆ ಲಾಭ ಎಂಬ ಮಾತನ್ನೇ ಅನುಮಾನದಿಂದ ಕಂಡ ಅಧಿಕಾರಿಗಳು, ಇನ್ನೊಂದು ಕಡೆ ಲಾಭ ಬಿಟ್ಟು ಬೇರೇನೂ ಕೇಳದ ಹೂಡಿಕೆದಾರರು. ನಡುವೆ ನಿಂತು ಎರಡೂ ಕಡೆಗೆ ತಿಳಿಯುವ ಹಾಗೆ ಮಾತಾಡಬಲ್ಲವರು ಬೇಕಾಗಿದ್ದರು.

ನಡುವೆ ನಿಂತ ಇಬ್ಬರು

ಹಾಗೆ ನಿಂತವರಲ್ಲಿ ವೇ ಸುನ್ ಕ್ರಿಸ್ಟಿಯನ್‌ಸನ್ ಎಂಬ ಚೀನೀ-ಅಮೆರಿಕನ್ ಮಹಿಳೆ ಒಬ್ಬರು. ಹುಟ್ಟಿದ್ದು ಬೀಜಿಂಗ್‌ನಲ್ಲಿ. ಅವರು ಶಾಲೆಗೆ ಹೋಗುವ ವಯಸ್ಸಿನಲ್ಲೇ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ. 1966ರಿಂದ ಹತ್ತು ವರ್ಷ ಓದು ಬರಹ ಅಸ್ತವ್ಯಸ್ತ. ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರುವಾದದ್ದು 1977ರಲ್ಲಿ. ಅಮೆರಿಕಕ್ಕೆ ಚೀನಾದ ಮೊದಲ ವಿದ್ವಾಂಸರ ತಂಡ ಹೋದದ್ದು 1978ರ ಡಿಸೆಂಬರಿನಲ್ಲಿ. ಬಾಗಿಲು ತೆರೆದ ಆ ಹೊತ್ತಿನಲ್ಲಿ ಹೊರಟವರ ತಲೆಮಾರು ಇವರದು. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಪದವಿ ಪಡೆದು, 1989ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಕಾನೂನು ಮುಗಿಸಿ ವಕೀಲೆಯಾದರು.

ಆಮೇಲೆ ಸೇರಿದ್ದು ಯಾವುದೋ ದೊಡ್ಡ ಸಂಬಳದ ಬ್ಯಾಂಕಲ್ಲ, ಹಾಂಗ್‌ಕಾಂಗ್‌ನ ಷೇರು ನಿಯಂತ್ರಣ ಆಯೋಗ. ಚೀನೀ ಕಂಪೆನಿಗಳು ಇಲ್ಲಿಗೆ ಬರಲು ನಿಯಮ ರೂಪಿಸುವ ಕೆಲಸದಲ್ಲಿ ಅವರ ಪಾಲಿತ್ತು. ಬ್ಯಾಂಕಿಗೆ ಬಂದದ್ದು 1998ರಲ್ಲಿ, ಮಾರ್ಗನ್ ಸ್ಟಾನ್ಲಿಗೆ. ಅಲ್ಲಿಂದ 2002ರಲ್ಲಿ ಕ್ರೆಡಿಟ್ ಸ್ವೀಸ್ ಫಸ್ಟ್ ಬಾಸ್ಟನ್, 2004ರಲ್ಲಿ ಸಿಟಿ ಗ್ರೂಪ್, 2006ರಲ್ಲಿ ಮತ್ತೆ ಮಾರ್ಗನ್ ಸ್ಟಾನ್ಲಿಯ ಚೀನಾ ಮುಖ್ಯಸ್ಥೆ. 2007ರ ಡಿಸೆಂಬರಿನಲ್ಲಿ, ಅಮೆರಿಕದ ಗೃಹಸಾಲದ ವ್ಯವಹಾರದಲ್ಲಿ ಆ ಬ್ಯಾಂಕು ಭಾರೀ ನಷ್ಟ ಕಂಡಾಗ, ಚೀನಾ ಸರ್ಕಾರದ ಹೂಡಿಕೆ ನಿಗಮ ಸುಮಾರು 500 ಕೋಟಿ ಡಾಲರ್ ತೊಡಗಿಸಿತು. ಆ ಮಾತುಕತೆ ಕುದುರಿಸುವಲ್ಲಿ ಆಕೆಯ ಪಾತ್ರ ದೊಡ್ಡದು. ಅಮೆರಿಕ ತನ್ನ ಕಾಲೇಜಿನಲ್ಲಿ ಓದಿಸಿದ ಹುಡುಗಿ, ಅಮೆರಿಕದ ಬ್ಯಾಂಕಿಗೆ ಕಷ್ಟ ಬಂದಾಗ ತನ್ನ ಹುಟ್ಟೂರಿನಿಂದ ಹಣ ತರಿಸಿಕೊಟ್ಟ ಹಾಗಾಯಿತು. 2011ರಲ್ಲಿ ಇಡೀ ಏಷ್ಯಾ ಪೆಸಿಫಿಕ್ ವಿಭಾಗದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರಾದರು.

ಇನ್ನೊಬ್ಬರು ಲಾರಾ ಚಾ. ಬ್ಯಾಂಕರ್ ಅಲ್ಲ, ಬ್ಯಾಂಕರುಗಳ ಮೇಲೆ ಕಣ್ಣಿಟ್ಟವರು. 1949ರಲ್ಲಿ ಶಾಂಘೈಯಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಬೆಳೆದು, ಅಮೆರಿಕದಲ್ಲಿ ಓದಿದವರು. ಕಾನೂನು ಪದವಿ ಪಡೆದದ್ದು 1982ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಕೀಲಿಕೆ ಮಾಡಿ, 1991ರಲ್ಲಿ ಅದೇ ಷೇರು ಆಯೋಗಕ್ಕೆ ಬಂದರು. 2001ರಿಂದ 2004ರವರೆಗೆ ಬೀಜಿಂಗ್‌ನಲ್ಲಿ ಚೀನಾದ ಷೇರು ನಿಯಂತ್ರಣ ಆಯೋಗದ ಉಪಾಧ್ಯಕ್ಷೆ. ಕಟ್ಟಕಡೆಗೆ 2018ರಿಂದ 2024ರವರೆಗೆ ಹಾಂಗ್‌ಕಾಂಗ್ ಷೇರುಪೇಟೆ ಸಂಸ್ಥೆಯ ಅಧ್ಯಕ್ಷೆ. ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ.

‘ಉದ್ಯೋಗಂ ಪುರುಷ ಲಕ್ಷಣಂ’ ಎನ್ನುತ್ತಿದ್ದ ಹಿರಿಯರು ಇವರನ್ನು ನೋಡಿದ್ದರೆ ಏನೆನ್ನುತ್ತಿದ್ದರೋ! ನನಗೆ ಹೊಳೆದದ್ದು ಬೇರೆ. ಇಬ್ಬರ ದಾರಿಯೂ ನೆಟ್ಟಗಿಲ್ಲ. ಇಬ್ಬರೂ ಓದಿದ್ದು ಕಾನೂನು. ಇಬ್ಬರೂ ಸರ್ಕಾರಿ ನಿಯಮಗಳ ಕಡತದೊಳಗೆ ವರ್ಷಗಟ್ಟಲೆ ಮುಳುಗಿದವರು. ಎರಡು ದೋಣಿಯಲ್ಲಿ ಕಾಲಿಡಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಇವರು ಎರಡು ದೋಣಿಯಲ್ಲಿ ಕಾಲಿಟ್ಟವರಲ್ಲ, ಎರಡು ದಡ ಬಲ್ಲ ಒಂದೇ ದೋಣಿಯವರು.

ಬೆಟ್ಟದ ಮೆಟ್ಟಿಲು

ಸೆಂಟ್ರಲ್ ಬಡಾವಣೆಯಿಂದ ಬೆಟ್ಟದ ಮೇಲಿನ ಮನೆಗಳವರೆಗೆ ಸುಮಾರು 800 ಮೀಟರ್ ಉದ್ದದ ಚಲಿಸುವ ಮೆಟ್ಟಿಲುಗಳ ಸಾಲೊಂದಿದೆ. 1993ರಲ್ಲಿ ಶುರುವಾದದ್ದು. ಬೆಳಿಗ್ಗೆ ಹತ್ತರವರೆಗೆ ಅದು ಕೆಳಕ್ಕೆ ಮಾತ್ರ ಹರಿಯುತ್ತದೆ, ಕಛೇರಿಗೆ ಹೋಗುವವರಿಗಾಗಿ. ಆಮೇಲೆ ನಡುರಾತ್ರಿಯವರೆಗೆ ಮೇಲಕ್ಕೆ. ಶಿವಮೊಗ್ಗದ ಹುಡುಗ ಅದರ ಮೇಲೆ ನಿಂತು ಹೇಳಿದ: “ಮೊದಲೆರಡು ವರ್ಷ ನಾನು ಈ ಮೆಟ್ಟಿಲು ಮೇಲೆ ಹೋಗೋದನ್ನ ನೋಡಿದ್ದೇ ಕಮ್ಮಿ ಅಂಕಲ್. ನಾನು ಮನೆಗೆ ಹೊರಡೋ ಹೊತ್ತಿಗೆ ಇದು ನಿಂತಿರೋದು.”

ಅದು ಉತ್ಪ್ರೇಕ್ಷೆಯಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ‘ಅನಲಿಸ್ಟ್’, ಆಮೇಲೆ ‘ಅಸೋಸಿಯೇಟ್’, ಹೀಗೆ ಏರಿ ‘ಮ್ಯಾನೇಜಿಂಗ್ ಡೈರೆಕ್ಟರ್’ ಆಗುವ ಈ ವೃತ್ತಿಯಲ್ಲಿ ಮೊದಲ ವರ್ಷಗಳೆಂದರೆ ಅಂಕಿಗಳ ಹಾಳೆ ತಿದ್ದುತ್ತ ನಡುರಾತ್ರಿ ದಾಟುವುದು. ಎಷ್ಟರಮಟ್ಟಿಗೆಂದರೆ, 2013ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆ ತನ್ನ ಕಿರಿಯ ನೌಕರರಿಗೆ ಶುಕ್ರವಾರ ರಾತ್ರಿ 9ರಿಂದ ಭಾನುವಾರ ಬೆಳಿಗ್ಗೆ 9ರವರೆಗೆ ಕಛೇರಿಗೆ ಬರಕೂಡದೆಂದು ನಿಯಮ ಮಾಡಬೇಕಾಯಿತು. ಶನಿವಾರದ ರಜೆಯನ್ನು ಆಜ್ಞೆಯಾಗಿ ಕೊಡಬೇಕಾದ ಕೆಲಸ ಇದು!

ಸಂಬಳ ದೊಡ್ಡದು, ನಿಜ. ಕೆಲಸ ಹೋಗುವ ವೇಗವೂ ದೊಡ್ಡದು. 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ಹಳೆಯ ಸಂಸ್ಥೆ ದಿವಾಳಿಯಾದಾಗ ಲೋಕದ ನಾನಾ ಊರುಗಳಲ್ಲಿ ಜನ ರಟ್ಟಿನ ಪೆಟ್ಟಿಗೆಯಲ್ಲಿ ತಮ್ಮ ಸಾಮಾನು ಹಿಡಿದು ಹೊರಬಂದರು. ಪ್ರತಿಭೆಯೊಂದೇ ಇಲ್ಲಿ ನಡೆಯುತ್ತದೆ ಎನ್ನುವಂತೆಯೂ ಇಲ್ಲ. ಚೀನಾದ ಅಧಿಕಾರಿಗಳು ಹೇಳಿದರೆಂದು ಅವರ ಮಕ್ಕಳು, ನೆಂಟರನ್ನು ಕೆಲಸಕ್ಕೆ ಸೇರಿಸಿಕೊಂಡು ವ್ಯವಹಾರ ಗಿಟ್ಟಿಸಿದ ಆರೋಪದ ಮೇಲೆ ಜೆ.ಪಿ. ಮಾರ್ಗನ್ 2016ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 26 ಕೋಟಿ 40 ಲಕ್ಷ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಂಡಿತು. ವಶೀಲಿ ನಮ್ಮೂರಿನ ಪಿಡುಗು ಮಾತ್ರವೆಂದುಕೊಂಡಿದ್ದ ನನ್ನ ಭ್ರಮೆ ಕಳಚಿತು.

ನಾನು ಕಡೆಗೆ ಕೇಳಿದೆ: “ನಮ್ಮ ಹುಡುಗಿ ಇಲ್ಲಿ ಓದಿದರೆ ಕೆಲಸ ಸಿಗುತ್ತದೇನಪ್ಪ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಬುದ್ಧಿ ಇದ್ರೆ ಸಿಗಬಹುದು ಅಂಕಲ್. ಆದ್ರೆ ಇಲ್ಲಿ ಬರೋ ಗಿರಾಕಿಗಳಲ್ಲಿ ಹೆಚ್ಚಿನವರು ಚೀನಾದವರು. ಅವರ ಭಾಷೆಯಲ್ಲೇ ಮಾತು, ಕಾಗದ ಪತ್ರ ಎಲ್ಲಾ. ಮ್ಯಾಂಡರಿನ್ ಬಾರದವರಿಗೆ ಬಾಗಿಲು ಕಿರಿದು. ನಾನು ಒಳಗೆ ಬಂದದ್ದು ಮುಂಬೈಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಭಾರತದ ಕಂಪೆನಿಗಳನ್ನ ಬಲ್ಲೆ ಅನ್ನೋ ಕಾರಣಕ್ಕೆ.”

ವಾಪಸು ಬರುವಾಗ

ಆ ಸಂಜೆ ದೋಣಿಯಲ್ಲಿ ಕುಳಿತು ಅವನ ಮಾತನ್ನೇ ಮೆಲುಕು ಹಾಕಿದೆ. ಆ ಇಬ್ಬರು ಮಹಿಳೆಯರ ಹೆಸರು ಹೇಳಿ “ನೋಡು, ಹೆಣ್ಣುಮಕ್ಕಳು ಎಲ್ಲಿಗೆ ಮುಟ್ಟಿದ್ದಾರೆ” ಎಂದು ಸೊಸೆಯನ್ನು ಹುರಿದುಂಬಿಸುವುದು ಸುಲಭ. ಆದರೆ ಅವರನ್ನು ಎತ್ತಿದ್ದು ಅಮೆರಿಕದ ಪದವಿಯೊಂದೇ ಅಲ್ಲ. ಹುಟ್ಟಿನಿಂದ ಬಂದ ಭಾಷೆ, ಆ ನಾಡಿನ ಕಾರ್ಖಾನೆ, ಕಛೇರಿ, ಸಂಕೋಚ, ಸಿಟ್ಟು ಎಲ್ಲದರ ಪರಿಚಯ. ಒಂದು ದಡ ಅವರ ಕಾಲಕೆಳಗೇ ಇತ್ತು. ಇನ್ನೊಂದನ್ನು ದುಡಿದು ಸಂಪಾದಿಸಿದರು. ನಮ್ಮ ಹುಡುಗಿ ಹಾಂಗ್‌ಕಾಂಗ್‌ಗೆ ಹೋದರೆ ಎರಡೂ ದಡವನ್ನು ಹೊಸದಾಗಿ ಸಂಪಾದಿಸಬೇಕು, ಅದೂ ಬಡ್ಡಿ ಏರುತ್ತಿರುವಾಗ. ಅವಳ ಕಾಲಕೆಳಗಿರುವ ದಡ ಬೇರೆ. ಇಲ್ಲಿನ ಭಾಷೆಗಳು, ಇಲ್ಲಿನ ತೆರಿಗೆ, ಇಲ್ಲಿನ ಸಣ್ಣ ದೊಡ್ಡ ಕಂಪೆನಿಗಳು. ಅದನ್ನು ಚೆನ್ನಾಗಿ ಅರಿತವಳನ್ನು ಆಚೆ ದಡದವರೇ ಕರೆಯಬಹುದು.

ಊರಿಗೆ ಬಂದು ತಂಗಿಯ ಮನೆಗೆ ಹೋದೆ. ನೋಡಿದ್ದನ್ನೆಲ್ಲ ಹೇಳಿದೆ. “ಹಾಗಾದ್ರೆ ಕಳಿಸೋದಾ, ಬೇಡವಾ?” ಎಂದಳು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವಾಗ ನಾವು ಕೇಳುತ್ತಿದ್ದ ಪ್ರಶ್ನೆಗಳನ್ನೇ ಸೊಸೆಯ ಮುಂದಿಟ್ಟೆ. ಯಾವ ಕೆಲಸಕ್ಕೆ? ಕೆಲಸ ಸಿಗದೆ ಎರಡು ವರ್ಷ ಕಳೆದರೆ ಕಂತು ಕಟ್ಟುವವರು ಯಾರು? ಬೇರೆಯವರಿಗಿಂತ ನೀನು ಹೆಚ್ಚಾಗಿ ಬಲ್ಲದ್ದು ಯಾವುದು? ಮೊದಲೆರಡಕ್ಕೆ ಪಟಪಟ ಉತ್ತರ ಬಂತು. ಮೂರನೆಯದಕ್ಕೆ ಅವಳು ಮುಖ ತಗ್ಗಿಸಿ, “ಯೋಚನೆ ಮಾಡ್ತೀನಿ ಮಾಮ” ಎಂದಳು.

ಈಗ ಅವಳು ಸಿ.ಎ.ಗೆ ಸೇರಿದ್ದಾಳೆ. ಮುಗಿಸಿ ಮುಂಬೈಯಲ್ಲಿ ಕೆಲ ವರ್ಷ ದುಡಿದು, ತನ್ನ ದುಡ್ಡಿನಲ್ಲೇ ಹೋಗುತ್ತಾಳಂತೆ. ಮನೆಯ ಪತ್ರ ತಂಗಿಯ ಬೀರುವಿನಲ್ಲೇ ಇದೆ. ತಂಗಿಗೆ ನೆಮ್ಮದಿ. ಸೊಸೆಗೆ ನನ್ನ ಮೇಲೆ ಇನ್ನೂ ಕೊಂಚ ಮುನಿಸಿದೆ, ಹಬ್ಬಕ್ಕೆ ಹೋದರೆ ಮಾತು ಕಮ್ಮಿ. ನಾನು ಹೇಳಿದ್ದು ಸರಿಯೋ, ಹುಡುಗಿಯ ಉತ್ಸಾಹಕ್ಕೆ ತಣ್ಣೀರೆರಚಿದೆನೋ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಮೊನ್ನೆ ಹೋದಾಗ ಅವಳ ಮೇಜಿನ ಮೇಲೆ ಕಂಪೆನಿ ಕಾಯಿದೆಯ ದಪ್ಪ ಪುಸ್ತಕವಿತ್ತು. ಅದರ ಪಕ್ಕದಲ್ಲಿ ಚೀನೀ ಭಾಷೆ ಕಲಿಸುವ ತೆಳ್ಳನೆಯ ಪುಸ್ತಕವೂ ಇತ್ತು. ನಾನು ನೋಡಿಯೂ ನೋಡದವನಂತೆ ಕಾಫಿ ಕುಡಿದು ಎದ್ದು ಬಂದೆ.